ಎರಡನೆಯ ಗುಟುಕು

ನನ್ನ ಮೂಗಿನ ವಿಷಯ ಬೇಕಿದ್ದರೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಯಾರನ್ನಾದರೂ ಕೇಳಿ. ಉಂಡೆ ಕೊಬ್ಬರಿಯನ್ನು ಒಡೆಯದೆ, ಬರೀ ಮೂಸಿ, ಒಳಗೆ ಕಮಟು ಹಿಡಿದಿದೆಯೋ ಇಲ್ಲವೋ ಹೇಳುತ್ತೇನೆ. ಕಣಕಟ್ಟೆ ಕಡೆಯ ತೋಟದವರೊಬ್ಬರು ಹಳೆಯ ಮಾಲನ್ನು ಚೀಲದ ತಳಕ್ಕೆ ತುಂಬಿ, ಮೇಲೆ ಹೊಸದನ್ನು ಸುರಿದು ತರುತ್ತಿದ್ದರು. ಚೀಲದ ಬಾಯಿ ಬಿಚ್ಚುವ ಮೊದಲೇ ನಾನು ತಳದ ಸಮಾಚಾರ ಹೇಳಿದ ಮೇಲೆ ಆ ಆಟ ನಿಲ್ಲಿಸಿದರು. ಇದು ಜಂಭವೇ, ಒಪ್ಪಿಕೊಳ್ಳುತ್ತೇನೆ. ಜಂಭ ಪಡಲು ಮನುಷ್ಯನಿಗೆ ಒಂದಾದರೂ ಬೇಕಲ್ಲ. ನನಗಿದ್ದದ್ದು ಅದೊಂದೇ.

ನಾವು ಹಳೇಬೀಡಿನ ಜೈನರು. ಬಸದಿಗಳ ಆಚೀಚೆ ಉಳಿದುಕೊಂಡಿರುವ ಕೆಲವೇ ಮನೆಗಳಲ್ಲಿ ನಮ್ಮದೊಂದು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಹೊತ್ತು ಮುಳುಗುವ ಮುಂಚೆ ಊಟ, ಸೋಸಿದ ನೀರು, ಗೆಡ್ಡೆ ಗೆಣಸು ಇಲ್ಲದ ಅಡುಗೆ. ನನಗೆ ಹನ್ನೆರಡು ತುಂಬಿದ ವರ್ಷ ಅಮ್ಮ ನನ್ನನ್ನು ಬಸದಿಯಲ್ಲಿ ಒಬ್ಬ ಮುನಿಗಳ ಮುಂದೆ ಕೂರಿಸಿ, ಮದ್ಯ, ಮಾಂಸ, ಜೇನು ಮೂರನ್ನೂ ಬದುಕಿರುವವರೆಗೆ ಬಿಟ್ಟೆ ಎಂದು ಹೇಳಿಸಿದಳು. ಮದ್ಯ ಎಂದರೇನು ಎಂದು ತಿಳಿಯದ ವಯಸ್ಸು. ಜೇನು ಬಿಡುವುದಕ್ಕೆ ಮಾತ್ರ ಅಳು ಬಂದಿತ್ತು. ಆಮೇಲಿನ ಮೂವತ್ತು ವರ್ಷ ಆ ಮಾತು ನನಗೆ ಭಾರವೂ ಆಗಲಿಲ್ಲ, ನೆನಪೂ ಆಗಲಿಲ್ಲ.

ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ ಹಾರನಹಳ್ಳಿಯ ಗೆಳೆಯನೊಬ್ಬನಿದ್ದಾನೆ. ಏನೇನೋ ಕೆಲಸ ಮಾಡಿ, ಕೊನೆಗೆ ಬಿಯರ್ ತಯಾರಿಸುವುದನ್ನು ಕಲಿತು, ಈಗ ಬೇಲೂರಿನ ಹತ್ತಿರದ ಒಂದು ರೆಸಾರ್ಟಿನಲ್ಲಿ ಅದೇ ಕೆಲಸದಲ್ಲಿದ್ದಾನೆ. ಹೋದ ವರ್ಷ ಅವನಿಗೊಂದು ಹುಚ್ಚು ಹತ್ತಿತು. ಬಾಕ್ ಅಂತ ಒಂದು ಜಾತಿಯ ಬಿಯರಂತೆ, ಜರ್ಮನಿ ಕಡೆಯದು. ಕಪ್ಪಗೆ, ದಪ್ಪಗೆ, ಮಾಮೂಲು ಬಿಯರಿಗಿಂತ ಗಟ್ಟಿ. ಅದನ್ನು ಸರಿಯಾಗಿ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದ. ಒಂದೊಂದು ಸಲ ಮಾಡಿದಾಗಲೂ ಒಂದು ಬಾಟಲಿ ತುಂಬಿಕೊಂಡು ಅರಸೀಕೆರೆಗೆ ಬಂದು, ನನ್ನ ಕೊಬ್ಬರಿ ಗೋಡೌನಿನಲ್ಲಿ ಚೀಲದ ಮೇಲೆ ಕೂತು, ಒಂದು ಗಾಜಿನ ಲೋಟಕ್ಕೆ ಬಗ್ಗಿಸಿ ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದ.

ಮೂಸುವುದಕ್ಕೆ ನನ್ನದೇನೂ ಅಡ್ಡಿಯಿರಲಿಲ್ಲ. ಮೂಗಿನಿಂದ ಯಾವ ವ್ರತವೂ ಕೆಡುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅವನ ಹತ್ತಿರ ಒಂದು ಅಚ್ಚಾದ ಕಾಗದ. ವಾಸನೆಗೆ ಹನ್ನೆರಡು ಅಂಕ, ನೋಟಕ್ಕೆ ಮೂರು, ರುಚಿಗೆ ಇಪ್ಪತ್ತು, ಹೀಗೆ ಒಟ್ಟು ಐವತ್ತು. ನಾನು ವಾಸನೆ, ನೋಟ ಎರಡನ್ನು ತುಂಬಿ ಉಳಿದದ್ದನ್ನು ಖಾಲಿ ಬಿಡುತ್ತಿದ್ದೆ. ಮೊದಲ ಸಲದ್ದು ಸುಟ್ಟ ರಾಗಿಯ ವಾಸನೆ, ಹನ್ನೆರಡಕ್ಕೆ ನಾಲ್ಕು. ಎರಡನೆಯದಕ್ಕೆ ಒದ್ದೆ ಗೋಣಿಚೀಲದ ವಾಸನೆ, ಎರಡು ಕೊಟ್ಟೆ. ಅವನು ಒಂದು ವಾರ ಫೋನ್ ಮಾಡಲಿಲ್ಲ. ಮೂರನೆಯದು, ನಾಲ್ಕನೆಯದು ಸುಧಾರಿಸಿದವು. ನಿಜ ಹೇಳಬೇಕೆಂದರೆ ಅವನು ಬರುವ ದಿನಗಳನ್ನು ನಾನು ಕಾಯುತ್ತಿದ್ದೆ. ದಿನವಿಡೀ ಕೊಬ್ಬರಿಯನ್ನೇ ಮೂಸುವ ಮೂಗಿಗೆ ಬೇರೆ ಕೆಲಸ ಸಿಕ್ಕಿತ್ತು.

ಐದನೆಯ ಬಾಟಲಿ ತಂದದ್ದು ಒಂದು ಮಧ್ಯಾಹ್ನ. ಲೋಟವನ್ನು ಬೆಳಕಿಗೆ ಹಿಡಿದೆ. ಕಪ್ಪು ಅಂದುಕೊಂಡದ್ದು ಅಂಚಿನಲ್ಲಿ ಕೆಂಪಾಗಿ ಕಂಡಿತು. ಮೇಲೆ ಕೆನೆಬಣ್ಣದ ನೊರೆ, ಬೇಗ ಇಳಿಯಲಿಲ್ಲ. ನೋಟಕ್ಕೆ ಮೂರಕ್ಕೆ ಮೂರು ಬರೆದೆ. ಮೂಸಿದರೆ ಆಲೆಮನೆಯ ಕೊಪ್ಪರಿಗೆಯ ತಳ ಕೆರೆದಂಥ ವಾಸನೆ, ಅದರ ಹಿಂದೆ ಸೀದದ್ದೇನೋ ಇತ್ತು. ಈ ಸಲ ಜಾಸ್ತಿ ಹುರಿದಿದ್ದೀಯ, ಬಾಯಲ್ಲಿ ಕಹಿ ಹೊಡೆಯುತ್ತದೆ ಎಂದೆ. ಅವನು ನಕ್ಕ. ಮೂಗಿಗೆ ಹಾಗನ್ನಿಸುತ್ತದೆ, ಬಾಯಲ್ಲಿ ಕಹಿಯೇ ಇಲ್ಲ ಎಂದ. ನನ್ನ ಮೂಗು ಸುಳ್ಳು ಹೇಳುವುದಿಲ್ಲ ಎಂದೆ. ಈ ಮಾತು ಎರಡು ಮೂರು ಸುತ್ತು ಹೋಯಿತು. ಆ ದೇಶದಲ್ಲಿ ಸನ್ಯಾಸಿಗಳೇ ಇಂಥದ್ದನ್ನು ಮಾಡಿಕೊಂಡು, ಉಪವಾಸದ ದಿನಗಳಲ್ಲಿ ಊಟದ ಬದಲು ಇದನ್ನೇ ಕುಡಿದು ಇರುತ್ತಿದ್ದರಂತೆ ಎಂಬ ಪುರಾಣವನ್ನೂ ತೆಗೆದ. ನಮ್ಮ ಉಪವಾಸದಲ್ಲಿ ನೀರೂ ಇಲ್ಲವಪ್ಪ ಎಂದೆ.

ಆಮೇಲೆ ಅವನು ಆಡಿದ ಮಾತು ನನಗೆ ನಾಟಿತು.

"ಬಾಯಿಗೇ ಹಾಕ್ದೆ ಅದೆಂಗ್ಲಾ ಹೇಳ್ತೀಯ ಕಹಿ ಐತೆ ಅಂತ? ಬಾಯಲ್ಲಿ ಒಂದ್ಸುತ್ತು ತಿರುಗ್ಸಿ ಉಗಿ. ಟೀ ರುಚಿ ನೋಡೋರು ಮಾಡಲ್ವಾ ಹಂಗೆ. ಅದೂ ಆಗಲ್ಲ ಅಂದ್ರೆ ನಿನ್ನ ಮೂಗೂ ಬ್ಯಾಡ, ನಿನ್ನ ಮಾರ್ಕ್ಸೂ ಬ್ಯಾಡ."

ನನಗೆ ಸಿಟ್ಟು ಬೇಗ. ಸಿಟ್ಟು ಬಂದಾಗ ಬುದ್ಧಿ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ನುಂಗುವುದಿಲ್ಲವಲ್ಲ, ಉಗಿಯುವುದಲ್ಲವೇ ಎಂದುಕೊಂಡು ಲೋಟ ಎತ್ತಿ ಬಾಯಿ ತುಂಬ ತೆಗೆದುಕೊಂಡೆ. ತಿರುಗಿಸಿದೆ. ಕಹಿ ಇಲ್ಲ. ಅವನ ಮಾತೇ ನಿಜ. ಉಗಿಯಲು ಎದ್ದು ಗೋಡೆಯ ಹತ್ತಿರ ಹೋಗಿ ಬಗ್ಗಿದೆ. ಕೊಬ್ಬರಿ ಗೋಡೌನು ಎಂದ ಮೇಲೆ ಇರುವೆ ಇಲ್ಲದಿರುತ್ತದೆಯೇ. ಗೋಡೆಯುದ್ದಕ್ಕೂ ಸಾಲು ಹೊರಟಿತ್ತು. ನೆಲ ನೋಡದೆ ಉಗುಳಬಾರದು, ನೀರು ಚೆಲ್ಲಬಾರದು ಎಂದು ಅಮ್ಮ ಮೊಣಕೈಗೆ ಹೊಡೆದು ಹೊಡೆದು ಕಲಿಸಿದ್ದಾಳೆ. ಇಷ್ಟು ಸಿಹಿಯಾದದ್ದನ್ನು ಅಲ್ಲಿ ಉಗಿದರೆ ಸಾಲಿಗೆ ಸಾಲೇ ಅಂಟಿಕೊಂಡು ಸಾಯುತ್ತದೆ. ಬಾಗಿಲ ಕಡೆ ತಿರುಗಿದೆ, ಅಲ್ಲೂ ಒಂದು ಸಾಲು. ಹೊರಗೆ ಅಂಗಳಕ್ಕೆ ಓಡಿದರೆ ಹಮಾಲರು ನಿಂತಿದ್ದರು, ಅವರ ಎದುರು ಕಪ್ಪಗಿನದನ್ನು ಉಗಿಯುವುದು ಹೇಗೆ. ತುಂಬಿದ ಬಾಯಿ ಹಿಡಿದುಕೊಂಡು ಹೀಗೆ ಅತ್ತ ಇತ್ತ ತಿರುಗುವಷ್ಟರಲ್ಲಿ ಗಂಟಲು ತನ್ನ ಕೆಲಸ ತಾನು ಮಾಡಿಬಿಟ್ಟಿತು. ಇಳಿದೇ ಹೋಯಿತು.

ಗೆಳೆಯ ಚೀಲದ ಮೇಲೆ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಎದೆಯೊಳಗೆ ಬೆಚ್ಚಗೆ ಹರಡಿಕೊಳ್ಳುತ್ತಿತ್ತು. ನಾಲಿಗೆಯ ಮೇಲೆ ಬೆಲ್ಲವೂ ಅಲ್ಲದ ಖರ್ಜೂರವೂ ಅಲ್ಲದ ಒಂದು ರುಚಿ ನಿಂತಿತ್ತು. ಇಷ್ಟು ಹೊತ್ತು ನಿಲ್ಲುವುದು ಯಾವುದು ಎಂದು ತಿಳಿಯಬೇಕೆನ್ನಿಸಿತು. ಲೋಟ ಎತ್ತಿ ಇನ್ನೊಂದು ಗುಟುಕು ಕುಡಿದೆ.

ಮೊದಲನೆಯದನ್ನು ಇರುವೆಗಳ ಮೇಲೆ ಹಾಕಬಹುದು. ಎರಡನೆಯದು ನನ್ನದೇ. ಯಾರೂ ಒತ್ತಾಯ ಮಾಡಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಧಾನವಾಗಿ, ಬಾಯಲ್ಲಿ ಇಟ್ಟುಕೊಂಡು, ಮೂಗಿನಿಂದ ಉಸಿರು ಬಿಟ್ಟು, ಕುಡಿದೆ. ಚೆನ್ನಾಗಿತ್ತು. ಹಾಳಾದ್ದು, ಬಹಳ ಚೆನ್ನಾಗಿತ್ತು. ಪೆನ್ನು ತೆಗೆದುಕೊಂಡು ರುಚಿಯ ಮುಂದೆ ಇಪ್ಪತ್ತಕ್ಕೆ ಹದಿನೆಂಟು ಎಂದು ಬರೆದೆ. ಉಳಿದ ಖಾನೆಗಳಿಗೂ ಅಂಕ ಹಾಕಿದೆ, ಮೊದಲ ಸಲ ಆ ಕಾಗದ ಪೂರ್ತಿ ತುಂಬಿತು. ಗೆಳೆಯ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಖುಷಿಯಲ್ಲಿ ನನ್ನ ಬೆನ್ನು ಗುದ್ದಿ ಹೋದ.

ಬಸ್ಸು ಹತ್ತಿದಾಗ ಭಯ ಶುರುವಾಯಿತು. ಕಿಟಕಿ ಪಕ್ಕ ಕೂತು ಏಲಕ್ಕಿ ಅಗಿದೆ, ಲವಂಗ ಅಗಿದೆ. ತಲೆ ಸ್ವಲ್ಪ ಹಗುರವಾಗಿತ್ತು. ಯಾರಿಗೂ ಹೇಳುವುದು ಬೇಡ, ನಾಳೆ ಬಸದಿಗೆ ಹೋಗಿ ಜಿನರ ಮುಂದೆ ತಪ್ಪಾಯಿತು ಎನ್ನೋಣ, ಒಂದೆರಡು ಉಪವಾಸ ಮಾಡೋಣ, ಮುಗಿಯಿತು ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಮ್ಮ ಎದುರಿಗೇ ಬಂದಳು. ಬಲಗೈಗೆ ಪ್ಲಾಸ್ಟರು. ಹದಿನೈದು ದಿನದ ಹಿಂದೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಮುಖ ಮಾತ್ರ ಹಬ್ಬದ ಹಾಗಿತ್ತು. ಮುನಿಗಳೊಬ್ಬರು ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತಾ ಊರಿಗೆ ಬಂದಿದ್ದಾರೆ, ಬಸದಿಯ ಹತ್ತಿರ ಇಳಿದುಕೊಂಡಿದ್ದಾರೆ, ನಾಳೆ ಬೆಳಿಗ್ಗೆ ಆಹಾರಕ್ಕೆ ಹೊರಡುತ್ತಾರೆ, ನಾವೂ ಅಡುಗೆ ಮಾಡಿಕೊಂಡು ಬಾಗಿಲಲ್ಲಿ ನಿಲ್ಲುತ್ತೇವೆ ಎಂದಳು. ಹೇಳುತ್ತಾ ಹೇಳುತ್ತಾ ಒಂದು ಕ್ಷಣ ಮಾತು ನಿಲ್ಲಿಸಿ ನನ್ನನ್ನು ನೋಡಿದಳು. ಮತ್ತೆ ಮುಂದುವರಿಸಿದಳು.

ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ನಮ್ಮ ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುತ್ತಾರೆ. ಯಾರ ಮನೆಗೆ ಹೋಗುತ್ತಾರೆಂದು ಮೊದಲೇ ಹೇಳುವುದಿಲ್ಲ. ಮನಸ್ಸಿನಲ್ಲಿ ಒಂದು ಗುರುತು ಇಟ್ಟುಕೊಂಡು ಹೊರಡುತ್ತಾರೆ. ಕಳಶ ಹಿಡಿದವರು ಕಂಡರೆ, ಅಥವಾ ತೆಂಗಿನಕಾಯಿ ಹಿಡಿದವರು ಕಂಡರೆ, ಅಲ್ಲಿ ನಿಲ್ಲುತ್ತಾರೆ. ಒಳಗೆ ಬಂದ ಮೇಲೆ ಮನೆಯವರು ಬಾಯಿಬಿಟ್ಟು ಹೇಳಬೇಕು, ನಮ್ಮ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ, ಆಹಾರ ನೀರು ಶುದ್ಧ ಎಂದು. ಹೇಳಿದ ಮೇಲೆಯೇ ಅವರು ಕೈ ಚಾಚುವುದು. ಹೇಳದಿದ್ದರೆ ತಿರುಗಿ ಹೋಗುತ್ತಾರೆ. ಆ ದಿನ ಅವರಿಗೆ ನೀರೂ ಇಲ್ಲ.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮುನಿಗಳು ಊರಿಗೆ ಬಂದಾಗೆಲ್ಲ ಬಾಗಿಲಲ್ಲಿ ನಿಂತಿದ್ದಾಳೆ. ಅಪ್ಪ ಇದ್ದಾಗ ಇಬ್ಬರೂ ನಿಲ್ಲುತ್ತಿದ್ದರು. ಒಂದು ಸಲವೂ ನಮ್ಮ ಮನೆಗೆ ಬರಲಿಲ್ಲ. ಪಕ್ಕದ ಮನೆಗೆ ಹೋದದ್ದನ್ನು ನೋಡಿ ಒಳಗೆ ಬಂದು, ಮಾಡಿದ ಅಡುಗೆಯನ್ನು ಅವಳು ನಮಗೆ ಬಡಿಸುತ್ತಿದ್ದಳು. ಅವಳ ಬದುಕಿನಲ್ಲಿ ಇನ್ನೊಂದು ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಮ್ಮ, ಇವತ್ತು ಅರಸೀಕೆರೆಯಲ್ಲಿ, ಎನ್ನುವಷ್ಟರಲ್ಲಿ ಅವಳು ತಡೆದಳು. ಏನಿದ್ದರೂ ನಾಳೆ ಆದ ಮೇಲೆ ಹೇಳು, ಈಗ ನೀರು ಸೋಸಬೇಕು ಎಂದಳು. ಬೇಲೂರಿನ ಚಿಕ್ಕಪ್ಪನನ್ನು ಕರೆಸೋಣ, ದೊಡ್ಡವರು, ಅವರು ನಿಲ್ಲಲಿ ಎಂದೆ.

"ಯಾಕೆ, ನೀನಿಲ್ವಾ?" ಎಂದಳು.

ನಾನು ಇದ್ದೆ. ಅದೇ ತೊಂದರೆ. ಹೆಂಡತಿ ಆ ದಿನವೇ ಹೊರಗಾಗಿ ಹಿತ್ತಿಲ ಕೋಣೆಯಲ್ಲಿದ್ದಳು, ಅಡುಗೆಮನೆಗೆ ಬರುವ ಹಾಗಿಲ್ಲ. ಅಮ್ಮನ ಕೈಗೆ ಪ್ಲಾಸ್ಟರು, ಆ ಕೈಯಲ್ಲಿ ಮುನಿಗಳಿಗೆ ಬಡಿಸುವ ಹಾಗಿಲ್ಲ. ಅವಳು ಪಕ್ಕದಲ್ಲಿ ನಿಂತು ಹೇಳಿಕೊಡಬಹುದು, ಮಂತ್ರ ಹೇಳಬಹುದು, ಅಷ್ಟೇ. ಕೊಡುವ ಕೈ ನನ್ನದೇ ಆಗಬೇಕು. ನಾನು ಹಿಂದೆ ಸರಿದರೆ ನಮ್ಮ ಮನೆಯ ಬಾಗಿಲು ಮುಚ್ಚಿತು.

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಮಡಿ ಪಂಚೆ ಉಟ್ಟು, ಕಾಯಿ ತುರಿಯಲು ಕೂತೆ. ಕೈಯಲ್ಲಿ ಕಾಯಿ ಒಡೆಯುವ ಕತ್ತಿ ಇತ್ತು. ಬೆರಳು ಕುಯ್ದುಕೊಂಡರೆ, ರಕ್ತ ಬಂದವನು ಆಹಾರ ಕೊಡುವ ಹಾಗಿಲ್ಲ, ಎಲ್ಲ ಮುಗಿಯುತ್ತದೆ ಎಂದು ಹೊಳೆಯಿತು. ನಿಜವಾಗಿಯೂ ಹೆಬ್ಬೆರಳ ಮೇಲೆ ಕತ್ತಿ ಇಟ್ಟಿದ್ದೆ. ಅಮ್ಮ ಒಲೆಯ ಮುಂದೆ ಕೂತು ಎಡಗೈಯಲ್ಲಿ ಹೆಸರುಬೇಳೆ ಪಾಯಸ ತಿರುವುತ್ತಿದ್ದಳು. ತಳ ಹಿಡಿಯದಂತೆ, ಅಭ್ಯಾಸವಿಲ್ಲದ ಕೈಯಲ್ಲಿ, ನಿಧಾನಕ್ಕೆ. ಕತ್ತಿಯನ್ನು ಕೆಳಗಿಟ್ಟೆ. ಧೈರ್ಯವಾಗಲಿಲ್ಲ ಎನ್ನಿ, ಪ್ರೀತಿ ಎನ್ನಿ, ಎರಡೂ ಸೇರಿ ನನ್ನನ್ನು ಅಲ್ಲೇ ಕೂರಿಸಿದವು.

ನಾಲ್ಕು ಮನೆಯವರು ಬಾಗಿಲಲ್ಲಿ ನಿಂತಿದ್ದೆವು. ನಾನು ಕಳಶದ ಮೇಲೆ ಕಾಯಿ ಇಟ್ಟುಕೊಂಡು ಹಿಡಿದಿದ್ದೆ. ನಾಲ್ಕರಲ್ಲಿ ಒಂದು, ಬೇರೆ ಮೂರು ಮನೆಯಿದೆಯಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಇಷ್ಟು ವರ್ಷ ಬಾರದವರು ಇವತ್ತೂ ಬಾರದಿರಲಿ ಎಂದು ಬೇಡಿಕೊಂಡೆ. ಅಮ್ಮ ಪಕ್ಕದಲ್ಲಿ ನಿಂತು ಅದಕ್ಕೆ ಪೂರಾ ಉಲ್ಟಾ ಬೇಡಿಕೊಳ್ಳುತ್ತಿದ್ದಳು. ಒಂದೇ ಬಾಗಿಲಲ್ಲಿ ಇಬ್ಬರು.

ಮುನಿಗಳು ಬಲಗೈ ಬೆರಳುಗಳನ್ನು ಹೆಗಲಿಗೆ ಇಟ್ಟುಕೊಂಡು, ನೆಲ ನೋಡುತ್ತಾ ಬಂದರು. ವಯಸ್ಸಾಗಿತ್ತು, ಪಕ್ಕೆಲುಬು ಎಣಿಸುವ ಹಾಗಿತ್ತು. ಮೊದಲ ಮನೆ ದಾಟಿದರು. ಎರಡನೆಯದೂ ದಾಟಿದರು. ನಮ್ಮ ಮನೆಯ ಮುಂದೆ ತಲೆಯೆತ್ತಿದರು. ಅಮ್ಮ ನಮೋಸ್ತು ನಮೋಸ್ತು ಎಂದು ಕೂಗಿದಳು. ಅವರು ನಿಂತರು.

ಆಮೇಲಿನದೆಲ್ಲ ನನ್ನ ಕೈ ಕಾಲು ಮಾಡಿದವು. ಅವರಿಗೆ ಮೂರು ಸುತ್ತು ಬಂದೆ. ಒಳಗೆ ಕರೆದುಕೊಂಡು ಬಂದೆ. ಮಣೆಯ ಮೇಲೆ ನಿಲ್ಲಿಸಿ ಪಾದ ತೊಳೆದೆ. ಹಿಮ್ಮಡಿ ಒಡೆದಿತ್ತು, ಬಿರುಕಿನಲ್ಲಿ ರಸ್ತೆಯ ಧೂಳು ಕೂತಿತ್ತು. ಪೂಜೆ ಆಯಿತು. ಇನ್ನು ಉಳಿದದ್ದು ಆ ನಾಲ್ಕು ಮಾತು. ಕೈ ಮುಗಿದು ನಿಂತೆ.

ಮನ ಶುದ್ಧಿ ಎಂದೆ. ವಚನ ಶುದ್ಧಿ ಎಂದೆ. ಅವೂ ಸುಳ್ಳೇ, ಆದರೆ ಹೇಗೋ ಹೊರಬಿದ್ದವು. ಮೂರನೆಯದು ಬರಲಿಲ್ಲ. ನಿನ್ನೆ ಇಳಿಯಬಾರದ್ದು ಇಳಿದ ಗಂಟಲಲ್ಲಿ ಈ ದಿನ ಬರಬೇಕಾದದ್ದು ಬರುತ್ತಿಲ್ಲ. ಮುನಿಗಳು ಕಾಯುತ್ತಿದ್ದರು. ಆಹಾರದ ಹೊತ್ತಿನಲ್ಲಿ ಅವರು ಮೌನ, ಏನೂ ಕೇಳುವ ಹಾಗಿಲ್ಲ. ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಹಿಂದಿನ ದಿನದಿಂದ ನೀರು ಕುಡಿಯದ ಮನುಷ್ಯ. ಸತ್ಯ ಹೇಳಿದರೆ ಅವರು ಹಾಗೇ ತಿರುಗಿ ಹೋಗುತ್ತಾರೆ, ಮತ್ತೆ ನಾಳೆಯವರೆಗೆ. ಅಮ್ಮ ನಿಂತ ಜಾಗದಲ್ಲೇ ಕುಸಿಯುತ್ತಾಳೆ. ಸುಳ್ಳು ಹೇಳಿದರೆ ಉಪವಾಸದ ಮುನಿಯ ಬೊಗಸೆಗೆ ಹೊಲಸು ಕೈ ಇಟ್ಟವನಾಗುತ್ತೇನೆ. ಹೊರಗೆ ಹೋಗಲು ಬಾಗಿಲಿಲ್ಲದ ಕಡೆ ನಿಂತಿದ್ದೆ.

"ಕಾಯ ಶುದ್ಧಿ, ಆಹಾರ ಜಲ ಶುದ್ಧಿ. ಸ್ವಾಮಿಗಳು ಆಹಾರ ಗ್ರಹಣ ಮಾಡಬೇಕು."

ಅಮ್ಮನ ದನಿ. ಗಟ್ಟಿಯಾಗಿ, ಒಂದು ಕಡೆಯೂ ತಡವರಿಸದೆ, ಇಬ್ಬರ ಪರವಾಗಿಯೂ ಹೇಳಿದಳು. ಮುನಿಗಳು ಬೊಗಸೆ ಮಾಡಿದರು. ನಾನು ನೀರು ಬಿಟ್ಟೆ. ಹಾಲು ಬಿಟ್ಟೆ. ಅನ್ನ ಇಟ್ಟೆ, ಪಾಯಸ ಇಟ್ಟೆ. ಕೂದಲು ಬೀಳಲಿಲ್ಲ, ಹುಳ ಕಾಣಲಿಲ್ಲ, ಮುನಿಗಳು ಊಟವನ್ನು ಅಲ್ಲಿಗೇ ನಿಲ್ಲಿಸುವಂಥ ಯಾವ ವಿಘ್ನವೂ ಬರಲಿಲ್ಲ. ಬರಲಿ ಎಂದು ಕಾದೆ, ಬರಲಿಲ್ಲ. ಅವರು ಉಂಡು, ಕೈ ತೊಳೆದು, ಆಶೀರ್ವಾದ ಮಾಡಿ ಹೋದರು. ಅಮ್ಮ ಕಂಬ ಹಿಡಿದುಕೊಂಡು ಅತ್ತಳು. ಅಕ್ಕಪಕ್ಕದವರು ಬಂದು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಕೈಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಮುನಿಗಳ ಹತ್ತಿರ ಹೋಗಿ ಎಲ್ಲ ಹೇಳಿ ಪ್ರಾಯಶ್ಚಿತ್ತ ಕೇಳುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡು ಬಸದಿಗೆ ಹೋದೆ. ಅಮ್ಮ ನನಗಿಂತ ಮೊದಲೇ ಅಲ್ಲಿ ಕೂತಿದ್ದಳು. ಉಪ್ಪು ಬಿಡುತ್ತೇನೆ, ನಿಯಮ ಕೊಡಿ ಎಂದು ಕೇಳುತ್ತಿದ್ದಳು. ಎಷ್ಟು ದಿನಕ್ಕೆ ಎಂದು ಮುನಿಗಳು ಕೇಳಿದರು. ಬದುಕಿರುವವರೆಗೆ ಎಂದಳು. ವಯಸ್ಸಾಗಿದೆ ತಾಯಿ, ಒಂದು ವರ್ಷಕ್ಕೆ ತೆಗೆದುಕೊಳ್ಳಿ, ಆಮೇಲೆ ನೋಡೋಣ ಎಂದರು. ಇಲ್ಲ ಸ್ವಾಮಿ, ಬದುಕಿರುವವರೆಗೆ ಎಂದು ಅದನ್ನೇ ಹೇಳಿದಳು. ಯಾಕೆಂದು ಅವರು ಕೇಳಲಿಲ್ಲ. ಕೊಟ್ಟರು.

ನಾನು ಅವಳ ಹಿಂದೆ ಜನರ ನಡುವೆ ನಿಂತಿದ್ದೆ. ಈಗ ಬಾಯಿಬಿಟ್ಟರೆ ನನ್ನ ತಪ್ಪಿನ ಜೊತೆ ಅವಳ ಸುಳ್ಳೂ ಹೊರಬೀಳುತ್ತದೆ, ಅದೂ ಅವಳು ಉಣಿಸಿದ ಮುನಿಯ ಎದುರಿಗೇ. ನಮಸ್ಕಾರ ಮಾಡಿ ಎದ್ದು ಬಂದೆ. ಮಾರನೆಯ ಬೆಳಿಗ್ಗೆ ಮುನಿಗಳು ಮುಂದಿನ ಊರಿಗೆ ನಡೆದುಕೊಂಡು ಹೋದರು.

ಅವರು ಹೋದ ಮಧ್ಯಾಹ್ನ ಊಟಕ್ಕೆ ಇಬ್ಬರೇ ಕೂತಿದ್ದೆವು. ಅಮ್ಮನ ತಟ್ಟೆಯಲ್ಲಿ ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸಾರು. ಎಡಗೈಯಲ್ಲಿ ಚಮಚ ಹಿಡಿದು ಕಲಸುತ್ತಿದ್ದಳು. ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಮೊನ್ನೆ ನೀನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ವಾಸನೆ ಬಂತು, ಗೊತ್ತಾಯ್ತು ಎಂದಳು, ತಟ್ಟೆಯಿಂದ ತಲೆಯೆತ್ತದೆ. ಮತ್ತೆ ಯಾಕಮ್ಮ ಸುಮ್ಮನಿದ್ದೆ, ನನ್ನನ್ನು ತಡೆಯಬಹುದಿತ್ತಲ್ಲ ಎಂದೆ. ದನಿ ಏರಿತ್ತು. ನನಗೆ ಅವಳ ಮೇಲೆಯೇ ಸಿಟ್ಟು ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

"ಎಷ್ಟು ವರ್ಷ ನಿಂತಿದೀನಿ ಕಣೋ ಆ ಬಾಗಿಲಲ್ಲಿ. ಆಸೆ ಆಯ್ತು. ನಿಂಗಾದ್ರೆ ಆಸೆ ಆಗಬಹುದು, ನಂಗಾಗಬಾರದಾ?"

ಹಾಗಾದರೆ ನನಗೂ ಇವತ್ತಿನಿಂದ ಉಪ್ಪು ಬೇಡ ಎಂದು ನನ್ನ ತಟ್ಟೆಯ ಅಂಚಿನಲ್ಲಿದ್ದ ಉಪ್ಪನ್ನು ಪಕ್ಕಕ್ಕೆ ಸರಿಸಿದೆ. ಸಾರಿನ ಪಾತ್ರೆ ಬಿಟ್ಟು ಅವಳಿಗೆಂದು ತೆಗೆದಿಟ್ಟ ಸಪ್ಪೆ ಸಾರಿನ ಬಟ್ಟಲಿಗೆ ಕೈ ಹಾಕಿದೆ.

ಅಮ್ಮ ಆ ಬಟ್ಟಲನ್ನು ನನ್ನ ಕೈಗೆ ಸಿಗದಂತೆ ಎಳೆದುಕೊಂಡಳು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಡಬ್ಬಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು, ನನ್ನ ಅನ್ನದ ಮೇಲೆ ಹಾಕಿದಳು.

"ನಿನ್ನೆ ಕಾಯ ಶುದ್ಧಿ ಅಂತ ಹೇಳಿದ್ದು ನಾನು. ನೀನೆಲ್ಲಿ ಹೇಳ್ದೆ? ಉಣ್ಣು."

ಕಲಸಿಕೊಂಡು ಉಂಡೆ.